ಲಾಂಗೆಮಾರ್ಕ್: ಹಾಡುತ್ತಾ ಮಡಿದ ವಿದ್ಯಾರ್ಥಿಗಳ ಕಥೆಯನ್ನು ಒರೆಗೆ ಹಚ್ಚಿದಾಗ

ಮೊದಲ ಮಹಾಯುದ್ಧದಲ್ಲಿ, ಬೆಲ್ಜಿಯಂನ ಲಾಂಗೆಮಾರ್ಕ್ ಊರಿನ ಬಳಿ, ಸ್ವಯಂಸೇವಕರಾಗಿ ಸೇನೆ ಸೇರಿದ ಜರ್ಮನ್ ವಿದ್ಯಾರ್ಥಿಗಳು ಹಾಡುತ್ತಾ ಶತ್ರುವಿನ ಮೇಲೆ ನುಗ್ಗಿ ಮಡಿದರು ಎಂಬುದೊಂದು ಕಥೆ. ಅದರ ಬೇರು 1914ರ ನವೆಂಬರ್ 11ರ ಜರ್ಮನ್ ಸೇನಾ ಪ್ರಕಟಣೆಯಲ್ಲಿದೆ. ಲಾಂಗೆಮಾರ್ಕ್‌ನ ಪಶ್ಚಿಮಕ್ಕೆ ಎಳೆಯ ರೆಜಿಮೆಂಟುಗಳು ‘ಡಾಯ್ಚ್‌ಲಾಂಡ್, ಡಾಯ್ಚ್‌ಲಾಂಡ್ ಊಬರ್ ಆಲೆಸ್’ ಎಂಬ ಜರ್ಮನ್ ದೇಶಭಕ್ತಿ ಗೀತೆ ಹಾಡುತ್ತಾ ಶತ್ರುವಿನ ಮುಂಚೂಣಿಯನ್ನು ವಶಪಡಿಸಿಕೊಂಡವು ಎಂದು ಅದು ಹೇಳುತ್ತದೆ. ‘ವಿದ್ಯಾರ್ಥಿ’ ಎಂಬ ಮಾತೇ ಅದರಲ್ಲಿಲ್ಲ. ಅದು ಆಮೇಲೆ ಸೇರಿಕೊಂಡದ್ದು.

ಮೊದಲು ನಕಾಶೆ ನೋಡಬೇಕು. ಪ್ರಕಟಣೆ ಹೇಳುವ ಕಾಳಗ ನಡೆದದ್ದು ಲಾಂಗೆಮಾರ್ಕ್‌ನಲ್ಲಲ್ಲ, ಅದರ ಪಶ್ಚಿಮಕ್ಕಿರುವ ಬಿಕ್ಸ್‌ಖೋಟೆ ಎಂಬ ಹಳ್ಳಿಯ ಆಸುಪಾಸಿನಲ್ಲಿ. ಲಾಂಗೆಮಾರ್ಕ್ ಊರು ಜರ್ಮನ್ನರ ಕೈಗೆ ಬಂದದ್ದು 1915ರ ಏಪ್ರಿಲ್‌ನಲ್ಲಿ, ವಿಷಾನಿಲ ದಾಳಿಯ ಹೊತ್ತಿಗೆ.

ಆಮೇಲೆ ಸೈನಿಕರು ಯಾರು ಎಂಬ ಪ್ರಶ್ನೆ. ಹೆಚ್ಚಿನವರು ಎಡವುವುದು ಇಲ್ಲೇ: ಸ್ವಯಂಸೇವಕ ಎಂದರೆ ವಿದ್ಯಾರ್ಥಿ ಎಂದೇ ಎಣಿಸಿಬಿಡುತ್ತಾರೆ. ಸೇನೆಯ ಸಾವುನೋವಿನ ಪಟ್ಟಿಗಳಲ್ಲಿ ಹೆಸರು, ದರ್ಜೆ, ಹುಟ್ಟೂರು ಸಿಗುತ್ತವೆ, ಕಸುಬು ಸಿಗುವುದಿಲ್ಲ. ಹಾಗಾಗಿ ರೆಜಿಮೆಂಟಿನ ಚರಿತ್ರೆ, ವಿಶ್ವವಿದ್ಯಾಲಯಗಳ ಸ್ಮರಣಪಟ್ಟಿಗಳನ್ನು ಅವುಗಳ ಜೊತೆ ತಾಳೆ ನೋಡಲೇಬೇಕು. ಇತಿಹಾಸಕಾರರ ಲೆಕ್ಕದಲ್ಲಿ ವಿದ್ಯಾರ್ಥಿಗಳು, ಶಿಕ್ಷಕರು ಸೇರಿದರೂ ಐದನೇ ಒಂದು ಪಾಲು ದಾಟುವುದಿಲ್ಲ. ಉಳಿದವರು ಕಾರ್ಮಿಕರು, ಕುಶಲಕರ್ಮಿಗಳು, ರೈತರು, ಸಂಸಾರಸ್ಥರಾದ ಮೀಸಲು ಸೈನಿಕರು. ಅವರ ಸಾವನ್ನು ಈ ಕಥೆ ಅಳಿಸಿಹಾಕಿತು, ಅದು ದೊಡ್ಡ ಅನ್ಯಾಯ.

ಲಾಂಗೆಮಾರ್ಕ್‌ನ ‘ವಿದ್ಯಾರ್ಥಿ ಸ್ಮಶಾನ’ವನ್ನೂ ಪುರಾವೆ ಎನ್ನಲಾಗದು. ಅಲ್ಲಿರುವ 44,000ಕ್ಕೂ ಹೆಚ್ಚು ಮಂದಿ ಇಡೀ ಯುದ್ಧದಲ್ಲಿ ಮಡಿದವರು. ವಿದ್ಯಾರ್ಥಿಗಳು ಸುಮಾರು 3,000.