ಲಾಟ್ ಎಲ್ಲಿದೆ? ಜೀನ್ಸ್ ಘಟಕದಲ್ಲಿ ಒಂಬತ್ತನೆಯ ಭಾನುವಾರ

ಈ ವಾರ 32 ಸ್ಟಿಕರ್‌ಗಳು ನೀರುಪಾಲಾದವು. ತಪ್ಪು ನನ್ನದೇ. ಕ್ಯೂಆರ್ ಸ್ಟಿಕರನ್ನು ಕಂತೆಗೆ ಕಟ್ಟುವ ಚೀಟಿಗೆ ಮಾತ್ರ ಅಂಟಿಸಬೇಕಿತ್ತು. ಉತ್ಸಾಹ ಹೆಚ್ಚಾಗಿ ಪ್ರತಿ ಕಂತೆಯ ಮೊದಲ ಪ್ಯಾಂಟಿನ ಜೇಬಿನೊಳಗೂ ಒಂದೊಂದು ಅಂಟಿಸಿಬಿಟ್ಟೆ. ಪ್ಯೂಮಿಸ್ ಕಲ್ಲು, ಎನ್‌ಜೈಮ್ ಸೇರಿಸಿ ಡೆನಿಮ್‌ನ ಬಣ್ಣವನ್ನೇ ಕಿತ್ತು ತೆಗೆಯುವ ಯಂತ್ರಕ್ಕೆ ಕಾಗದ ಯಾವ ಲೆಕ್ಕ? ವಾಷಿಂಗ್‌ನಿಂದ ಮರಳಿದ ಜೇಬುಗಳಲ್ಲಿ ಬಿಳಿ ಹಿಟ್ಟಿತ್ತು. ಕಟಿಂಗ್ ಮಾಸ್ಟರ್ ಏನೂ ಅನ್ನಲಿಲ್ಲ, ತಾವು ವರ್ಷಗಳಿಂದ ಬಳಸುವ ಮಾರ್ಕರ್ ಪೆನ್ನನ್ನು ನನ್ನ ಕೈಗಿಟ್ಟರು. ಈಗ ಲಾಟ್ (ಒಟ್ಟಿಗೆ ಕತ್ತರಿಸಿದ ಪ್ಯಾಂಟುಗಳ ಗುಂಪು) ಸಂಖ್ಯೆ ಜೇಬಿನ ಒಳಬಟ್ಟೆಯ ಮೇಲೆ ಪೆನ್ನಿನಲ್ಲಿ, ಕ್ಯೂಆರ್ ಚೀಟಿಯ ಮೇಲೆ.

ಹೊಸದಾಗಿ ಓದುತ್ತಿರುವವರಿಗೆ ಎರಡು ಮಾತು. ಬಳ್ಳಾರಿಯ ಕೌಲ್ ಬಜಾರಿನ ಹತ್ತಿರ ನನ್ನ ಭಾವನ ಜೀನ್ಸ್ ಘಟಕವಿದೆ. 14 ಹೊಲಿಗೆ ಯಂತ್ರ, ಒಂದು ಕಟಿಂಗ್ ಮೇಜು. ವಾಷಿಂಗ್ ಹೊರಗಡೆ. ‘ನಮ್ಮದನ್ನೂ ಡಿಜಿಟಲ್ ಮಾಡಿಕೊಡು’ ಎಂದು ಅವರು ಕೇಳಿದಾಗ ಅಲ್ಲಿ ಕಂಪ್ಯೂಟರ್ ಇರಲಿಲ್ಲವೆಂದಲ್ಲ. 2017ರ ಜುಲೈನಲ್ಲಿ ಜಿಎಸ್‌ಟಿ ಬಂತು, ಕಂಪ್ಯೂಟರ್ ಬಂತು. 2018ರ ಏಪ್ರಿಲ್‌ನಲ್ಲಿ ಇ-ವೇ ಬಿಲ್ ಬಂತು, 50,000 ರೂಪಾಯಿ ಮೀರಿದ ಮಾಲು ಲಾರಿ ಹತ್ತಬೇಕಲ್ಲ, ಪ್ರಿಂಟರ್ ಬಂತು. ಆ ಪೆಟ್ಟಿಗೆ ದುಡಿಯುವುದು ತೆರಿಗೆ ಇಲಾಖೆಗೆ, ಭಾವನಿಗಲ್ಲ. ಭಾವ ದಿನಕ್ಕೆ ಹತ್ತು ಸಲ ಕೇಳುವ ಪ್ರಶ್ನೆ ಒಂದೇ: ‘ಆ ಲಾಟ್ ಎಲ್ಲಿದೆ?’ ಅದಕ್ಕೆ ಉತ್ತರ ಇದ್ದದ್ದು ಮಾಸ್ಟರ್ ತಲೆಯಲ್ಲಿ. ಎರಡು ವರ್ಷದ ಹಿಂದೆ 38,000 ರೂಪಾಯಿ ಕೊಟ್ಟು ತಂದ ಸಾಫ್ಟ್‌ವೇರೂ ಇದಕ್ಕೆ ಉತ್ತರಿಸಬಲ್ಲದಂತೆ, ಆದರೆ ಅದಕ್ಕೆ ಮೊದಲು ನಾವು ಅದರ ನಲವತ್ತು ಪ್ರಶ್ನೆಗಳಿಗೆ ಉತ್ತರಿಸಬೇಕು. ಯಾರೂ ಉತ್ತರಿಸಲಿಲ್ಲ.

ಹಾಗಾಗಿ ನಾನು ಹಿಡಿದದ್ದು ಆ ಒಂದು ಪ್ರಶ್ನೆಯನ್ನು ಮಾತ್ರ. ಖರ್ಚಾದದ್ದು ಸ್ಟಿಕರ್ ಹಾಳೆಗಷ್ಟೇ. ಗೂಗಲ್ ಫಾರ್ಮ್‌ನಲ್ಲಿ ಉತ್ತರಗಳನ್ನು ಮೊದಲೇ ತುಂಬಿಟ್ಟ ಕೊಂಡಿ ತಯಾರಿಸಬಹುದು. ಲಾಟ್, ಸೈಜ್, ಕಂತೆಯ ಸಂಖ್ಯೆಗಳನ್ನು ಆ ಕೊಂಡಿಯಲ್ಲೇ ಅಡಗಿಸಿ ಅದನ್ನು ಕ್ಯೂಆರ್ ಮಾಡಿದೆ. ಮೊಬೈಲ್ ತೋರಿಸಿದವರು ಒತ್ತಬೇಕಾದದ್ದು ಕಟಿಂಗ್, ಹೊಲಿಗೆ, ವಾಷಿಂಗ್, ಫಿನಿಷಿಂಗ್, ಪ್ಯಾಕಿಂಗ್ ಇವುಗಳಲ್ಲಿ ಒಂದನ್ನು, ಆಮೇಲೆ ಎಷ್ಟು ಪೀಸ್ ಎಂಬುದನ್ನು. ಆಯ್ಕೆಗಳನ್ನು ಮೊದಲು ಕನ್ನಡದಲ್ಲಿ ಬರೆದೆ. ನಮ್ಮಲ್ಲಿ ಅರ್ಧ ಜನ ತೆಲುಗು, ಉಳಿದವರಲ್ಲಿ ಅರ್ಧ ಉರ್ದು. ಮೂರು ಭಾಷೆಗಳ ಫಾರ್ಮ್ ಪಂಚಾಂಗದಂತೆ ಕಂಡಿತು. ಈಗ ಐದು ಚಿತ್ರಗಳಿವೆ: ಕತ್ತರಿ, ಸೂಜಿ, ನೀರು, ಗುಂಡಿ, ಪೆಟ್ಟಿಗೆ. (ಹಳೆಯ ದರಪಟ್ಟಿಯನ್ನು ‘ನುಡಿ’ ಎಂಬ ಕನ್ನಡ ತಂತ್ರಾಂಶದ ಹಳೆಯ ಅಕ್ಷರಗಳಲ್ಲಿ ಟೈಪ್ ಮಾಡಿಟ್ಟಿದ್ದರು. ಮೊಬೈಲಿನಲ್ಲಿ ತೆರೆದರೆ ಕನ್ನಡದ ಬದಲು ಇಂಗ್ಲಿಷ್ ಅಕ್ಷರಗಳ ಕಸ. ಮೊಬೈಲ್ ಓದಬಲ್ಲ ಯೂನಿಕೋಡ್‌ಗೆ ತಿರುಗಿಸಲು ಒಂದು ಇಡೀ ಭಾನುವಾರ ಹೋಯಿತು.)

ಮೊದಲ ಮೂರು ವಾರ ಯಾರೂ ಸ್ಕ್ಯಾನ್ ಮಾಡಲಿಲ್ಲ. ಭಾವ ಗದರಿದ ದಿನ ಮಾತ್ರ ಮಾಡಿದರು, ಅದೂ ಒಂದೇ ಕಂತೆಯನ್ನು ಎರಡೆರಡು ಸಲ. ಫಾರ್ಮ್‌ನ ಉತ್ತರಗಳು ಬಂದು ಸೇರುವ ಹಾಳೆಯಲ್ಲಿ 980 ಪೀಸಿನ ಲಾಟ್ 1,120 ಆಗಿ ಬೆಳೆದಿತ್ತು. ಎರಡು ಬಾರಿ ಬಂದ ಕಂತೆ ಕೆಂಪಾಗುವಂತೆ ಸೂತ್ರ ಹಾಕಿದೆ, ಅದು ಹತ್ತು ನಿಮಿಷದ ಕೆಲಸ. ಜನ ಯಾಕೆ ಸ್ಕ್ಯಾನ್ ಮಾಡಬೇಕು ಎಂಬ ಪ್ರಶ್ನೆಗೆ ಸೂತ್ರವಿಲ್ಲ. ಅದನ್ನು ಬಿಡಿಸಿದವರು ಸೊಂಟಪಟ್ಟಿ ಹೊಲಿಯುವ ಹೆಂಗಸು. ‘ನನ್ನ ಪೀಸಿನ ಲೆಕ್ಕ ಇದರಲ್ಲಿ ಕಾಣುತ್ತದೆಯೇ?’ ಎಂದು ಕೇಳಿದರು. ಕಾಣುತ್ತಿರಲಿಲ್ಲ. ನಾಲ್ಕನೆಯ ವಾರ ಹೆಸರಿನ ಆಯ್ಕೆಯನ್ನೂ ಸೇರಿಸಿ, ಶನಿವಾರದ ಬಟವಾಡೆಗೆ ಮುಂಚೆ ಪ್ರತಿಯೊಬ್ಬರ ಪೀಸಿನ ಮೊತ್ತವನ್ನು ಅವರವರ ವಾಟ್ಸ್ಆ್ಯಪ್‌ಗೆ ಕಳಿಸಿದೆ. ಲೆಕ್ಕ ಬಿಚ್ಚಿಟ್ಟರೆ ಜಗಳ ಹೆಚ್ಚುತ್ತದೆ ಎಂದು ಭಾವ ಹೆದರಿದ್ದರು. ಆ ಶನಿವಾರ ಎರಡು ಜಗಳವಾದವು. ಎರಡರಲ್ಲೂ ತಪ್ಪಿದ್ದು ನಮ್ಮ ಕಿರ್ದಿ ಪುಸ್ತಕ. ಸೋಮವಾರದಿಂದ ಯಾರಿಗೂ ನೆನಪಿಸಬೇಕಾಗಿಲ್ಲ.

ಕರೆಂಟ್ ಹೋದಾಗ ವೈ-ಫೈ ಹೋಗುತ್ತದೆ, ಫಾರ್ಮ್ ತೆರೆಯುವುದಿಲ್ಲ. ಆದ್ದರಿಂದ ಕಾಗದದ ಚೀಟಿಯೂ ಉಳಿದಿದೆ, ಸಂಜೆ ಎರಡನ್ನೂ ತಾಳೆ ನೋಡುತ್ತೇವೆ. ಚೀಟಿಯನ್ನು ಕಿತ್ತುಹಾಕುವ ಆತುರ ನನಗಿಲ್ಲ.

ಇನ್ನು ಈ ವಾರದ ಮುಖ್ಯ ಸುದ್ದಿ. ಆರು ವಾರಗಳ ದಾಖಲೆ ಕೂಡಿಬಿದ್ದಿತ್ತು, ಪ್ರತಿ ಲಾಟ್ ಎಲ್ಲೆಲ್ಲಿ ಎಷ್ಟು ದಿನ ಕುಳಿತಿತ್ತು ಎಂದು ತೆಗೆದೆ. ತಡವಾಗುವುದೆಲ್ಲ ವಾಷಿಂಗ್‌ನವರಿಂದ ಎಂಬುದು ಭಾವನ ಹಳೆಯ ದೂರು. ಅವರ ಬಳಿ ಸರಾಸರಿ ಎರಡು ದಿನ. ವಾಷಿಂಗ್ ಮುಗಿದು ನಮ್ಮದೇ ಷೆಡ್ಡಿಗೆ ಬಂದ ಮೇಲೆ ನಾಲ್ಕು ದಿನ! ಲೋಹದ ಗುಂಡಿ, ರಿವೆಟ್‌ಗಳನ್ನು ನಮ್ಮಲ್ಲಿ ತೊಳೆದ ನಂತರ ಹಾಕುತ್ತಾರೆ. ಮಾಲು ಮರಳಿದ್ದನ್ನು ಕಣ್ಣಾರೆ ಕಂಡ ಮೇಲೆಯೇ ಭಾವ ಗುಂಡಿ ಪೂರೈಸುವವನಿಗೆ ಫೋನ್ ಮಾಡುತ್ತಾರೆ, ಗುಂಡಿ ಬರುವವರೆಗೆ ಲಾಟ್ ಕಾಯುತ್ತದೆ.

ಹಾಳೆ ತೋರಿಸಿದೆ. ಅವರು ಬಹಳ ಹೊತ್ತು ನೋಡಿ, ನಾನು ದಿನಾಂಕ ತಪ್ಪಾಗಿ ಹಾಕಿರಬೇಕೆಂದರು. ಮಾಸ್ಟರ್ ಮಾರ್ಕರ್ ಪೆನ್ನಿನ ಮುಚ್ಚಳ ಹಾಕುತ್ತಾ ಬೇರೆ ಕಡೆ ತಿರುಗಿಕೊಂಡರು. ಅವರಿಗೆ ಇದು ಗೊತ್ತಿತ್ತು ಅನ್ನಿಸುತ್ತದೆ.

ಮುಂದಿನ ಭಾನುವಾರ ಗುಂಡಿಯ ದಾಸ್ತಾನು ಎಣಿಸಬೇಕು. ಲಾಟ್ ವಾಷಿಂಗ್‌ಗೆ ಹೊರಟ ಸ್ಕ್ಯಾನ್ ಬಿದ್ದೊಡನೆ, ಎಷ್ಟು ಗುಂಡಿ ಬೇಕೆಂಬ ಸಂದೇಶ ಭಾವನ ಮೊಬೈಲಿಗೆ ಹೋಗಬೇಕು. ಗುಂಡಿಯವನಿಗೇ ನೇರವಾಗಿ ಹೋಗಲಿ ಎಂದರೆ ಭಾವ ಸದ್ಯಕ್ಕೆ ಒಪ್ಪುತ್ತಿಲ್ಲ.