ಕುದುರೆಮುಖದ ನೆತ್ತಿಯಲ್ಲಿ

ತಪ್ಪಲಿನ ಹಳ್ಳಿ ಮುಳ್ಳೋಡಿಯಿಂದ ಬೆಳಿಗ್ಗೆಯೇ ಹೊರಟು, ಇಬ್ಬನಿ ಹುಲ್ಲಿನಲ್ಲಿ ಮೊಣಕಾಲವರೆಗೆ ತೊಯ್ದು, ಹಳ್ಳಗಳನ್ನು ದಾಟಿ, ಒಂಟಿಮರದ ಬುಡದಲ್ಲಿ ತುಸು ಕುಳಿತು, ಮಧ್ಯಾಹ್ನದ ಹೊತ್ತಿಗೆ ಸುಮಾರು 1,890 ಮೀಟರ್ ಎತ್ತರದ ಕುದುರೆಮುಖದ ನೆತ್ತಿಯನ್ನು ತಲುಪಿದೆವು. ಕಾಲ್ಬೆರಳ ಸಂದಿಯಲ್ಲಿ ಕಚ್ಚಿದ್ದ ಉಂಬಳವನ್ನು ಬಿಡಿಸಿದ ಮೇಲೂ ರಕ್ತ ಬಹಳ ಹೊತ್ತು ನಿಲ್ಲಲಿಲ್ಲ. ಬೋಳು ಹುಲ್ಲುಗುಡ್ಡಗಳ ಮಡಿಲುಗಳಲ್ಲಷ್ಟೇ ಕಪ್ಪಗೆ ದಟ್ಟೈಸಿದ್ದ ಶೋಲಾ ಕಾಡನ್ನು ಮೇಲಿನಿಂದ ಎಷ್ಟು ನೋಡಿದರೂ ತಣಿಯಲಿಲ್ಲ. ಮಳೆಗಾಲದ ನೀರನ್ನು ಹಿಡಿದಿಟ್ಟು ಬೇಸಿಗೆಯಲ್ಲಿ ಹಳ್ಳಗಳಿಗೆ ಮೆಲ್ಲಗೆ ಬಿಟ್ಟುಕೊಡುವುದು ಇದೇ ಕಾಡು, ತುಂಗೆ, ಭದ್ರೆ, ನೇತ್ರಾವತಿಯರು ಹುಟ್ಟುವುದೂ ಇದೇ ಗಿರಿಸಾಲಿನಲ್ಲಿ. 1987ರಲ್ಲಿ ರಾಷ್ಟ್ರೀಯ ಉದ್ಯಾನವಾದ ಈ ಸೀಮೆಯಲ್ಲಿ 2005ರ ಕೊನೆಯವರೆಗೂ ಕಬ್ಬಿಣದ ಅದಿರಿನ ಗಣಿಗಾರಿಕೆ ನಡೆದಿತ್ತೆಂಬುದು, ಗಾಳಿಯ ಸದ್ದೊಂದನ್ನೇ ಕೇಳುತ್ತ ಕುಳಿತಿದ್ದ ನನಗೆ ನಂಬಲಾಗದ ಮಾತೆನಿಸಿತು. ಕತ್ತಲಾಗುವ ಮುನ್ನ ಇಳಿಯಬೇಕಾದ್ದರಿಂದ ಮನಸ್ಸಿಲ್ಲದ ಮನಸ್ಸಿನಿಂದ ಎದ್ದೆವು.