ಪೂಡಲ್ ಮೈಯ ಸಿಕ್ಕನ್ನು ಜಡೆಗೆ ತಿರುಗಿಸುವ ಕೆಲಸ: ಜನವರಿಯಿಂದ ಅಕ್ಟೋಬರ್‌ವರೆಗೆ

ನಾಯಿ: ಸ್ಟ್ಯಾಂಡರ್ಡ್ ಪೂಡಲ್, ಗಂಡು, ಕಪ್ಪು. ಶುರುವಿನಲ್ಲಿ ವಯಸ್ಸು 11 ತಿಂಗಳು, ಬೆನ್ನ ಮೇಲಿನ ಕೂದಲು 7 ಸೆಂ.ಮೀ. ಜಾಗ: ಮೈಸೂರಿನ ಕುವೆಂಪುನಗರ, ಆಗೀಗ ಮಂಡ್ಯ ಕಡೆಯ ಗದ್ದೆ ಬಯಲಿನ ಓಡಾಟ.

ಜನವರಿ

ಮರಿಗೂದಲು ಹೋಗಿ ಬಲಿತ ಕೂದಲು ಬರುವ ವಯಸ್ಸು ಇದು. ಪೂಡಲ್‌ನ ಸತ್ತ ಕೂದಲು ನೆಲಕ್ಕೆ ಉದುರುವುದು ಕಡಿಮೆ, ಸುರುಳಿಯೊಳಗೇ ಉಳಿದು ಪಕ್ಕದ ಕೂದಲಿಗೆ ಸುತ್ತಿಕೊಳ್ಳುತ್ತದೆ. ನಿನ್ನೆ ಬಾಚಿದ ಮೈ ಇವತ್ತು ಗಂಟಾಗುವುದು ಅದಕ್ಕೇ. ಮುಂದಿನ ದಾರಿ ಮೂರು: ದಿನಾ ಬುಡದಿಂದ ಬಾಚುವುದು, ಮೆಷಿನ್ ಹಾಕಿ ಗಿಡ್ಡ ಮಾಡುವುದು, ಇಲ್ಲವೇ ಗಂಟನ್ನೇ ಅಂಕೆಗೆ ತಂದು ಹಗ್ಗದಂಥ ಜಡೆ ಕಟ್ಟಿಸುವುದು. ಹಂಗೇರಿಯ ಪೂಲಿ, ಕೊಮೊಂಡೋರ್ ತಳಿಗಳಿಗೆ ಜಡೆ ಹುಟ್ಟುಗುಣ. ಪೂಡಲ್‌ಗೂ ಆಗುತ್ತದೆ, 19ನೇ ಶತಮಾನದ ಯುರೋಪಿನಲ್ಲಿ ಜಡೆ ಪೂಡಲ್‌ಗಳ ಖಯಾಲಿಯೇ ಇತ್ತು. ಆದರೆ ಇದರ ಕೂದಲು ಮೆದು, ಕೈಕೆಲಸ ಹೆಚ್ಚು ಬೇಡುತ್ತದೆ.

ಗಂಟಿಗೂ ಜಡೆಗೂ ಇರುವ ವ್ಯತ್ಯಾಸ ಬುಡದಲ್ಲಿ ಕಾಣುತ್ತದೆ. ಗಂಟು ಚರ್ಮದ ಮೇಲೆ ಹಾಳೆಯಂತೆ ಹರಡಿ, ನಾಯಿ ಕಾಲೆತ್ತಿದಾಗೆಲ್ಲ ಚರ್ಮವನ್ನು ಜಗ್ಗುತ್ತದೆ. ಜಡೆಗೆ ಅದರದೇ ಬುಡ ಇರುತ್ತದೆ, ಎರಡು ಜಡೆಗಳ ನಡುವೆ ಚರ್ಮ ಬರಿಗಣ್ಣಿಗೆ ಕಾಣುತ್ತದೆ. ಚರ್ಮ ಕಾಣದ ಕಡೆ ಜಡೆ ಆಗಿಲ್ಲ ಎಂದೇ ಲೆಕ್ಕ, ಮೇಲುನೋಟಕ್ಕೆ ಎಷ್ಟೇ ಚೆಂದವಿರಲಿ.

ಮೊದಲ ಕೆಲಸ ಹಳೆಯ ಗಂಟು ತೆಗೆಯುವುದು: ಕಿವಿಯ ಹಿಂದೆ, ಕಂಕುಳು, ತೊಡೆಸಂದು, ಕುತ್ತಿಗೆ ಪಟ್ಟಿಯ ಕೆಳಗೆ. ಇದಕ್ಕೆ ಮುಂಚೆ ಸ್ನಾನ ಕೂಡದು. ನೀರು, ಉಜ್ಜಾಟ ಎರಡೂ ಸೇರಿದರೆ ಕೂದಲಿನ ಹೊರಪದರದ ಹುರುಪೆಗಳು ಒಂದಕ್ಕೊಂದು ಕಚ್ಚಿಕೊಂಡು ಗಂಟು ಇನ್ನೂ ಬಿಗಿಯುತ್ತದೆ. ಸಡಿಲ ಗಂಟಿಗೆ ಒಂದು ಚಿಟಿಕೆ ಕಾರ್ನ್‌ಫ್ಲೋರ್ ಉದುರಿಸಿ, ಬುಡವನ್ನು ಒಂದು ಕೈಯಲ್ಲಿ ಹಿಡಿದು, ತುದಿಯಿಂದ ಬಾಚಣಿಗೆ ಹಲ್ಲಲ್ಲಿ ಬಿಡಿಸಿದ್ದು. ಗಟ್ಟಿಯಾದದ್ದಕ್ಕೆ ಮೆಷಿನ್ನಿನ 10ನೇ ನಂಬರ್ ಬ್ಲೇಡು, ಗಂಟಿಗೂ ಚರ್ಮಕ್ಕೂ ನಡುವೆ ಮಟ್ಟಸವಾಗಿ. ಎಳೆದ ಚರ್ಮ ಗಂಟಿನೊಳಕ್ಕೆ ಮಡಿಸಿ ನಿಂತಿರುತ್ತದೆ. ಕತ್ತರಿ ಅದನ್ನು ಕೂದಲೆಂದೇ ಕತ್ತರಿಸುತ್ತದೆ. ಕಿವಿಯ ದೊಡ್ಡ ಗಂಟು ತೆಗೆದ ಮೇಲೆ ನಾಯಿ ತಲೆ ಒದರುತ್ತಲೇ ಇದ್ದರೆ ಕಿವಿಯಲ್ಲಿ ರಕ್ತ ತುಂಬಿ ಊದಿಕೊಳ್ಳಬಹುದು. ಹಳೆಯ ಬನಿಯನ್ನಿನ ತುಂಡಲ್ಲಿ ಕಿವಿಗಳನ್ನು ತಲೆಗೆ ಸಡಿಲವಾಗಿ ಸುತ್ತಿಟ್ಟರೆ ಸಾಕು. ಊದಿದರೆ ಮಾತ್ರ ಮನೆಮದ್ದು ಬೇಡ, ಡಾಕ್ಟರ್ ಹತ್ತಿರ ಹೋಗಬೇಕು.

ಜಡೆ ಬಿಡದ ಜಾಗಗಳು: ಮುಖ, ಪಾದ, ಕಂಕುಳು, ತೊಡೆಸಂದು, ಗುದದ ಸುತ್ತ. ಅವು ಯಾವಾಗಲೂ ಗಿಡ್ಡ. ಕೊನೆಗೆ ಒಂದು ಸ್ನಾನ, ಕಂಡೀಷನರ್ ಇಲ್ಲದೆ. ಕಂಡೀಷನರ್ ಹಾಕಿದರೆ ಕೂದಲು ಜಾರುತ್ತದೆ, ಜಡೆ ಹಿಡಿಯುವುದಿಲ್ಲ.

ಫೆಬ್ರವರಿ, ಮಾರ್ಚ್

ಬಾಚುವುದು ಪೂರ್ತಿ ನಿಂತಿದೆ. ಮೊದಲು ಸೊಂಟ, ತೊಡೆ, ಆಮೇಲೆ ಭುಜದ ಮೇಲೆ ಕೂದಲು ತಾನಾಗಿ ಗುಂಪು ಕಟ್ಟಿತು. ಬುಡದಲ್ಲಿ 1ರಿಂದ 1.5 ಸೆಂ.ಮೀ. ಅಗಲದ ಚೌಕವನ್ನು ಒಂದು ಜಡೆ ಎಂದು ಹಿಡಿದು, ತುದಿಯನ್ನು ಎರಡಾಗಿ ಮಾಡಿ, ಎರಡು ಕೈಯಲ್ಲೂ ಹಿಡಿದು ಚರ್ಮ ಮುಟ್ಟುವವರೆಗೆ ಸೀಳಬೇಕು. ಅರ್ಧಕ್ಕೆ ನಿಲ್ಲಿಸಿದರೆ ಮೇಲೆ ಎರಡು ಜಡೆ, ಕೆಳಗೆ ಒಂದೇ ಹಾಳೆ. ತುಂಬಾ ಸಣ್ಣ ಚೌಕ ತೆಗೆದರೆ ಜಡೆ ತನ್ನ ತೂಕಕ್ಕೇ ಕಿತ್ತುಕೊಂಡು ಬರುತ್ತದೆ, ದೊಡ್ಡದಾದರೆ ಒಳಗೆ ಒಣಗುವುದಿಲ್ಲ. ಈ ಊರಿನ ಹವೆಗೆ ಪೆನ್ಸಿಲಿಗಿಂತ ತುಸು ದಪ್ಪ ಸರಿಹೋಗುತ್ತದೆ.

ಕೈಗೆ ಸೀಳದಷ್ಟು ಗಟ್ಟಿಯಾದ ಕಡೆ ಚರ್ಮದ ಮೇಲೆ ಬಾಚಣಿಗೆ ಅಡ್ಡ ಇಟ್ಟು, ಮೊಂಡು ಮೂತಿಯ ಕತ್ತರಿಯಲ್ಲಿ ಉದ್ದುದ್ದಕ್ಕೆ, ಹೊರಮುಖವಾಗಿ ಸೀಳಿದ್ದು. ರಬ್ಬರ್ ಬ್ಯಾಂಡ್ ಕೂಡದು, ಕೂದಲು ಕತ್ತರಿಸುತ್ತದೆ. ಮನುಷ್ಯರ ಜಡೆಗೆ ಹಚ್ಚುವ ಮೇಣವಂತೂ ಬೇಡವೇ ಬೇಡ, ಧೂಳು ಹಿಡಿದು ಕೂತರೆ ತೊಳೆದು ತೆಗೆಯಲಾಗದು. ಎದೆ, ಬೆನ್ನು ಸುತ್ತಿ ಕಟ್ಟುವ ಬೆಲ್ಟು (ಹಾರ್ನೆಸ್) ಕಂಕುಳನ್ನು ಉಜ್ಜಿ ಹಾಳೆ ಕಟ್ಟಿಸುತ್ತಿದ್ದರಿಂದ ಅದು ಹೋಗಿ ಕುತ್ತಿಗೆಗೆ ದುಂಡನೆಯ ಚರ್ಮದ ಪಟ್ಟಿ ಬಂತು, ಅದೂ ಓಡಾಟದ ಹೊತ್ತಿಗೆ ಮಾತ್ರ.

ನೋಡಲು ಇದು ಅತಿ ಕೆಟ್ಟ ಹಂತ. ಲಿಂಗಾಂಬುಧಿ ಕೆರೆ ಏರಿ ಮೇಲೆ ಹೋಗುವವರೆಲ್ಲ ‘ಇದಕ್ಕೆ ಸ್ನಾನ ಇಲ್ವಾ’ ಅಂತ ಕೇಳುತ್ತಾರೆ.

ಏಪ್ರಿಲ್, ಮೇ

ರಕ್ತ ಹೀರುವ ಉಣ್ಣಿ ಹುಳುಗಳ ಕಾಲ. ಜಡೆಯ ಬುಡ, ಕಿವಿಯೊಳಗು, ಬೆರಳಸಂದು ಅವುಗಳಿಗೆ ಮೆಚ್ಚಿನ ಜಾಗ. ಕುತ್ತಿಗೆಯ ಮೇಲೆ ಬಿಡುವ ಹನಿ ಔಷಧಿ ಜಡೆಗೆ ಬಿದ್ದರೆ ವ್ಯರ್ಥ, ಚರ್ಮಕ್ಕೇ ತಾಕಬೇಕು. ಹಾಕಿದ ಆಸುಪಾಸಿನಲ್ಲಿ ಸ್ನಾನವೂ ಆಗದು. ಜಡೆ ನಾಯಿಗೆ ಫ್ಲೂರಲಾನರ್‌ನಂಥ ತಿನ್ನಿಸುವ ಮಾತ್ರೆ ಅನುಕೂಲ, ಆದರೆ ತೂಕ ನೋಡಿ ಡಾಕ್ಟರೇ ಕೊಡಬೇಕು, ಫಿಟ್ಸ್ ಬಂದ ನಾಯಿಯಾದರೆ ಮೊದಲೇ ಹೇಳಬೇಕು. ಓಡಾಟ ಬೆಳಿಗ್ಗೆ ಏಳರೊಳಗೆ. ಹೊಟ್ಟೆಯಡಿ ಗಿಡ್ಡ ಮಾಡಿದ್ದರಿಂದ ತಣ್ಣನೆ ನೆಲಕ್ಕೆ ಮೈಯೊಡ್ಡಿ ಮಲಗುತ್ತದೆ.

ಜೂನ್‌ನಿಂದ ಆಗಸ್ಟ್

ಜಡೆ ಕೆಡುವುದು ಕೊಳೆಯಿಂದಲ್ಲ, ಒಳಗೆ ಉಳಿದ ತೇವದಿಂದ. ಮೈಸೂರಿನ ಆಷಾಢದ ಮಳೆ ಧೋ ಎಂದು ಸುರಿಯುವುದಿಲ್ಲ, ಜಿಟಿಜಿಟಿ ಹಿಡಿದು ಮೋಡ ಬಿಡದೆ ಕೂರುತ್ತದೆ. ಹಾಗಾಗಿ ಸ್ನಾನದ ದಿನ ಪಂಚಾಂಗದ್ದಲ್ಲ, ಬಿಸಿಲಿನದು. ಮಳೆ ಬಿಟ್ಟು ಹೊಳವಾದ ದಿನ ನೋಡಿ ಒಂಬತ್ತಕ್ಕೆ ಮುಂಚೆ ಮುಗಿಸಬೇಕು. ಒಂದೂವರೆ ತಿಂಗಳಿಗೊಮ್ಮೆ ಸಾಕು.

ಶಾಂಪೂ 1 ಪಾಲು, ನೀರು 10 ಪಾಲು. ಮೊದಲು ಮೈಯೆಲ್ಲ ಬುಡದವರೆಗೆ ನೆನೆಯಬೇಕು, ಅದಕ್ಕೇ ಹತ್ತು ನಿಮಿಷ ಹಿಡಿಯುತ್ತದೆ. ಶಾಂಪೂ ನೀರನ್ನು ಸ್ಪಂಜಿನಲ್ಲಿ ಸುರಿದು ಜಡೆಗಳನ್ನು ಹಿಂಡಬೇಕೇ ಹೊರತು ಉಜ್ಜಬಾರದು. ಹಿಂಡಿದ ನೀರು ತಿಳಿಯಾಗಿ ಬಂದ ಮೇಲೂ ಇನ್ನೊಂದು ಸಲ ತೊಳೆಯಬೇಕು. ಬೋರ್‌ವೆಲ್‌ನ ಗಡಸು ನೀರಲ್ಲಿ ಸೋಪಿನ ಬಿಲ್ಲೆ ಬಳಸಿದರೆ ಬಿಳಿ ಕಿಟ್ಟ ಜಡೆಯೊಳಗೆ ಕೂತು ಮೈ ಕೆರೆತ ತರುತ್ತದೆ. ಕಾವೇರಿ ನೀರು ಬರುವ ದಿನಕ್ಕೆ ಕಾಯುವುದು ಲೇಸು.

ಒಣಗಿಸುವುದಕ್ಕೆ ನಾಲ್ಕೈದು ಟವಲು, ಜಡೆ ಜಡೆಯಾಗಿ ಒತ್ತಿ. ಆಮೇಲೆ ನಾಯಿಗಳ ಬ್ಲೋವರ್, ಬಿಸಿ ಕಮ್ಮಿ, ಗಾಳಿ ಜೋರು, ಬುಡದ ಗೆರೆಗುಂಟ. ನಡುವೆ ಫ್ಯಾನಿನಡಿ ನವಾರು ಮಂಚದ ಮೇಲೆ ಬಿಟ್ಟರೆ ಕೆಳಗಿನಿಂದಲೂ ಗಾಳಿಯಾಡುತ್ತದೆ. ಒಣಗಿತೇ ಎಂದು ನೋಡುವುದು ಬುಡವನ್ನು ಎರಡು ಬೆರಳಲ್ಲಿ ಹಿಸುಕಿ: ತಣ್ಣಗಿದ್ದರೆ ನೀರು ಇನ್ನೂ ಆರುತ್ತಿದೆ ಎಂದರ್ಥ. ಈಗಿನ 11 ಸೆಂ.ಮೀ. ಜಡೆ ಸಂಜೆಯೊಳಗೆ ಒಣಗುತ್ತದೆ. ಪೂರ್ತಿ ಬೆಳೆದ ಕೊಮೊಂಡೋರ್‌ಗೆ ಎರಡು ದಿನವೂ ಹಿಡಿಯಬಹುದು.

ಜುಲೈಯಲ್ಲಿ ಬಲ ಸೊಂಟದ ಹತ್ತಿರ ಮುಗ್ಗಲು ವಾಸನೆ. ಬಿಡಿಸಿ ನೋಡಿದರೆ ಮೂರು ಜಡೆಗಳ ಬುಡ ಕೂಡಿಕೊಂಡು ಚರ್ಮ ಕೆಂಪಾಗಿತ್ತು, ರಸ ಇನ್ನೂ ಒಸರಿರಲಿಲ್ಲ. ಆ ಮೂರನ್ನೂ ಬುಡಕ್ಕೇ ತೆಗೆದು ಚರ್ಮ ಒಣಗಲು ಬಿಟ್ಟಿದ್ದು ಫಲ ಕೊಟ್ಟಿತು. ಒಸರಿ, ಅಂಟಾಗಿ, ಮುಟ್ಟಿದರೆ ನೋವಿದ್ದರೆ ಡಾಕ್ಟರ್ ನೋಡಬೇಕು. ಅಂಥ ಹುಣ್ಣು ಒಂದೇ ದಿನದಲ್ಲಿ ಅಂಗೈ ಅಗಲ ಆಗುತ್ತದೆ.

ಸೆಪ್ಟೆಂಬರ್

ಮಂಡ್ಯದ ನಾಲೆ ಏರಿಗಳಲ್ಲಿ ಉತ್ತರಾಣಿ ಬೀಜ ಬಲಿತಿದೆ. ಮೊದಲ ಓಡಾಟಕ್ಕೇ ಕಾಲಿನ ಜಡೆಗಳಲ್ಲಿ ಸಾಲು ಸಾಲು. ಅವನ್ನು ತುದಿಯ ಕಡೆ ಎಳೆಯದೆ ಚಿಮುಟದಲ್ಲಿ ಒಂದೊಂದಾಗಿ ಹೆಕ್ಕಬೇಕು. ಕಬ್ಬಿನ ತರಗಿನ ಚೂರು ಒಣಗಿದ ಮೇಲೆ ಕೊಡವಿದರೆ ಉದುರುತ್ತದೆ. ಹುಲ್ಲಿನ ಮುಳ್ಳುಗರಿ ಮಾತ್ರ ಅಪಾಯ, ಒಂದೇ ದಿಕ್ಕಿಗೆ ನುಗ್ಗುತ್ತಾ ಬೆರಳಸಂದಿಯ ಚರ್ಮದೊಳಕ್ಕೇ ಹೋಗುತ್ತದೆ. ಪಾದ ಗಿಡ್ಡ ಇಟ್ಟಿದ್ದರ ದೊಡ್ಡ ಲಾಭ ಇದೇ, ಬಂದ ಕೂಡಲೇ ಕಣ್ಣಿಗೆ ಬೀಳುತ್ತದೆ.

ಅಕ್ಟೋಬರ್

ಬೆನ್ನು, ಪಕ್ಕೆ, ತೊಡೆಯಲ್ಲಿ ಜಡೆ ನಿಂತಿದೆ. ಕುತ್ತಿಗೆ ಇನ್ನೂ ಸಡಿಲ, ಬಾಲಕ್ಕೆ ಈಗಷ್ಟೇ ಶುರು. ಹೊಸ ಕೂದಲು ಬಂದಂತೆಲ್ಲ ಬುಡಗಳು ಪಕ್ಕದ ಜೊತೆ ಕೂಡಿಕೊಳ್ಳುವುದರಿಂದ ವಾರಕ್ಕೊಮ್ಮೆ ಬೆರಳಾಡಿಸಿ ಬಿಡಿಸುವುದು ನಾಯಿ ಇರುವವರೆಗೂ ತಪ್ಪದ ಕೆಲಸ. ಸಂಜೆ ಮಳೆಗೆ ಕೆಸರು ಹಿಡಿಯದಿರಲೆಂದು ಎದೆ ಮತ್ತು ಪಕ್ಕೆಯ ಕೆಳಗಿನ ಸಾಲನ್ನು 8 ಸೆಂ.ಮೀ.ಗೆ ಕತ್ತರಿಸಿದೆ. ಕತ್ತರಿಸಿದ ತುದಿ ಬಿಚ್ಚಿಕೊಳ್ಳುವುದಿಲ್ಲ, ಕಟ್ಟುವ ಅಗತ್ಯವೂ ಇಲ್ಲ. ಕುತ್ತಿಗೆಯ ಜಡೆಗಳ ಸೀಳುವಿಕೆ ನವೆಂಬರ್‌ಗೆ, ಒಣಹವೆ ನೆಲೆನಿಂತ ಮೇಲೆ.